ಕರ್ನಾಟಕದಲ್ಲಿ ಮನೆ ಖರೀದಿಯ ಕಾನೂನು

ಕರ್ನಾಟಕದಲ್ಲಿ ಮನೆ ಖರೀದಿಯ ಕಾನೂನು ಎಂಬುದು ರಾಜ್ಯದಲ್ಲಿ ಸ್ವತಂತ್ರ ಮನೆ, ಅಪಾರ್ಟ್‌ಮೆಂಟ್ ಫ್ಲಾಟ್ ಅಥವಾ ಗುತ್ತಿಗೆ ಹಕ್ಕಿನ ವಸತಿ ಸ್ವತ್ತನ್ನು ಕೊಳ್ಳುವಾಗ ಅನ್ವಯವಾಗುವ ಕೇಂದ್ರ ಮತ್ತು ರಾಜ್ಯ ಶಾಸನಗಳ ಸಮೂಹವನ್ನು ಸೂಚಿಸುತ್ತದೆ. ಮಾರುವವನಿಗೆ ಮಾರುವ ಹಕ್ಕಿದೆಯೇ, ಕಟ್ಟಡಕ್ಕೆ ಸಕ್ಷಮ ಪ್ರಾಧಿಕಾರದ ಅನುಮತಿ ಇದೆಯೇ, ಸ್ವತ್ತಿನ ಮೇಲೆ ಸಾಲ ಅಥವಾ ವ್ಯಾಜ್ಯ ಇದೆಯೇ, ಮತ್ತು ಹಕ್ಕು ಕ್ರಮಬದ್ಧವಾಗಿ ಖರೀದಿದಾರನಿಗೆ ವರ್ಗಾವಣೆಯಾಗಿದೆಯೇ ಎಂಬ ನಾಲ್ಕು ಪ್ರಶ್ನೆಗಳು ಈ ವಿಷಯದ ತಿರುಳಾಗಿವೆ. ಸ್ವತ್ತು ಹಸ್ತಾಂತರ ಅಧಿನಿಯಮ 1882, ನೋಂದಣಿ ಅಧಿನಿಯಮ 1908, ಕರ್ನಾಟಕ ಸ್ಟಾಂಪು ಅಧಿನಿಯಮ 1957, ಕರ್ನಾಟಕ ಭೂ ಕಂದಾಯ ಅಧಿನಿಯಮ 1964, ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ 1972 ಹಾಗೂ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ 2016 (ರೇರಾ) ಇವುಗಳಲ್ಲಿ ಮುಖ್ಯವಾದವು.

## ಹಕ್ಕಿನ ಸ್ವರೂಪ

ಭಾರತದಲ್ಲಿ ಭೂಮಿಯ ಮಾಲೀಕತ್ವಕ್ಕೆ ಸರ್ಕಾರ ಖಾತರಿ ನೀಡುವ ವ್ಯವಸ್ಥೆ ಇಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿಯಾಗುವುದು ದಸ್ತಾವೇಜು ಮಾತ್ರ. ಅದನ್ನು ಬರೆದುಕೊಟ್ಟವನಿಗೆ ನಿಜವಾದ ಹಕ್ಕಿತ್ತು ಎಂಬುದಕ್ಕೆ ನೋಂದಣಿಯು ಪ್ರಮಾಣವಲ್ಲ. ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬನಿಗೆ ಕೊಡಲಾರರು ಎಂಬ ತತ್ತ್ವದಂತೆ, ಹಕ್ಕಿಲ್ಲದವನಿಂದ ಪಡೆದ ಕ್ರಯಪತ್ರವು ಪೂರ್ಣ ಹಣ ಕೊಟ್ಟು, ಮುದ್ರಾಂಕ ಶುಲ್ಕ ತೆತ್ತು ನೋಂದಾಯಿಸಿದ್ದರೂ ಖರೀದಿದಾರನನ್ನು ಕಾಪಾಡುವುದಿಲ್ಲ. ಆದ್ದರಿಂದ ಹಕ್ಕಿನ ಪರಿಶೀಲನೆಯ ಹೊಣೆ ಬಹುಮಟ್ಟಿಗೆ ಕೊಳ್ಳುವವನ ಮೇಲೆಯೇ ಬೀಳುತ್ತದೆ.

ಸ್ವತ್ತು ಹಸ್ತಾಂತರ ಅಧಿನಿಯಮದ 55ನೇ ಪ್ರಕರಣವು ಮಾರಾಟಗಾರನ ಮೇಲೂ ಒಂದು ಕರ್ತವ್ಯವನ್ನು ವಿಧಿಸುತ್ತದೆ. ಸ್ವತ್ತಿನಲ್ಲಿ ಅಥವಾ ಹಕ್ಕಿನಲ್ಲಿ ತನಗೆ ತಿಳಿದಿರುವ, ಖರೀದಿದಾರನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮಹತ್ವದ ದೋಷಗಳನ್ನು ಅವನು ಬಹಿರಂಗಪಡಿಸಬೇಕು. ಕಣ್ಣಿಗೆ ಕಾಣುವ ದೋಷಗಳಿಗೆ ಈ ರಕ್ಷಣೆ ಇಲ್ಲ.

## ಕರಾರು ಪತ್ರ ಮತ್ತು ಕ್ರಯಪತ್ರ

ಮನೆ ಖರೀದಿಯು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಮುಂಗಡ ಕೊಟ್ಟು ಮಾಡಿಕೊಳ್ಳುವ ಕ್ರಯದ ಕರಾರು. ಎರಡನೆಯದು ಪೂರ್ಣ ಹಣ ಸಂದಾಯವಾದ ಮೇಲೆ ಆಗುವ ಶುದ್ಧ ಕ್ರಯಪತ್ರ. 1882ರ ಅಧಿನಿಯಮದ 54ನೇ ಪ್ರಕರಣದ ಪ್ರಕಾರ ಕರಾರು ಪತ್ರವು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಸೃಷ್ಟಿಸುವುದಿಲ್ಲ. 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಮೌಲ್ಯದ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ದಸ್ತಾವೇಜಿನ ಮೂಲಕವೇ ಆಗಬೇಕು. ದಸ್ತಾವೇಜಿಗೆ ಸಹಿ ಹಾಕಿದ 4 ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು.

ಕರಾರಿನ ನಂತರ ಮಾರಾಟಗಾರನು ಕ್ರಯಪತ್ರ ಬರೆದುಕೊಡಲು ನಿರಾಕರಿಸಿದರೆ, ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ ಅಡಿಯಲ್ಲಿ ಕರಾರಿನ ನಿರ್ದಿಷ್ಟ ಪಾಲನೆಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಇದಕ್ಕೆ ಕಾಲಮಿತಿ 3 ವರ್ಷ. ಕರಾರಿನಲ್ಲಿ ದಿನಾಂಕ ಗೊತ್ತುಪಡಿಸಿದ್ದರೆ ಆ ದಿನದಿಂದ, ಇಲ್ಲದಿದ್ದರೆ ನಿರಾಕರಣೆ ತಿಳಿದ ದಿನದಿಂದ ಅದನ್ನು ಎಣಿಸಲಾಗುತ್ತದೆ. ತಾನು ಹಣ ಕೊಡಲು ಸದಾ ಸಿದ್ಧನಿದ್ದೆ ಎಂಬುದನ್ನು ಖರೀದಿದಾರನು ಸಾಬೀತುಪಡಿಸಬೇಕಾಗುತ್ತದೆ.

### ಅಧಿಕಾರ ಪತ್ರದ ಮೂಲಕ ಮಾರಾಟ

ಬೆಂಗಳೂರಿನ ಸುತ್ತಮುತ್ತ ಹಲವು ದಶಕಗಳ ಕಾಲ ಕ್ರಯಪತ್ರದ ಬದಲು ಸಾಮಾನ್ಯ ಅಧಿಕಾರ ಪತ್ರ (ಜಿಪಿಎ), ಕರಾರು ಪತ್ರ ಮತ್ತು ಉಯಿಲುಗಳನ್ನು ಬರೆಸಿಕೊಂಡು ನಿವೇಶನ ಕೊಳ್ಳುವ ರೂಢಿ ಇತ್ತು. ಸೂರಜ್ ಲ್ಯಾಂಪ್ ಅಂಡ್ ಇಂಡಸ್ಟ್ರೀಸ್ ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ 2011ರ ಅಕ್ಟೋಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಇಂತಹ ವ್ಯವಹಾರಗಳಿಂದ ಹಕ್ಕು ವರ್ಗಾವಣೆಯಾಗುವುದಿಲ್ಲ ಎಂದು ತೀರ್ಪು ನೀಡಿತು. ಮಾಲೀಕನು ತನ್ನ ಕುಟುಂಬದವರಿಗೆ ಅಥವಾ ನಿರ್ಮಾಣ ಸಂಸ್ಥೆಗೆ ನೈಜವಾಗಿ ಕೊಟ್ಟ ಅಧಿಕಾರ ಪತ್ರಗಳಿಗೆ ಈ ತೀರ್ಪು ಬಾಧಕವಲ್ಲ. ಆದರೆ ಅಂತಹ ಪತ್ರದ ಆಧಾರದ ಮೇಲೆ ಕೊಳ್ಳುವಾಗಲೂ ಅದನ್ನು ಬರೆದುಕೊಟ್ಟವರು ಜೀವಂತರಾಗಿದ್ದಾರೆಯೇ, ಪತ್ರ ರದ್ದಾಗಿದೆಯೇ, ಮಾರುವ ಅಧಿಕಾರ ಅದರಲ್ಲಿ ಸ್ಪಷ್ಟವಾಗಿದೆಯೇ ಎಂಬುದನ್ನು ನೋಡಬೇಕು. ಅಧಿಕಾರ ಪಡೆದವನಿಗೆ ಸ್ವತ್ತಿನಲ್ಲಿ ಸ್ವಂತ ಹಿತಾಸಕ್ತಿ ಇಲ್ಲದ ಪಕ್ಷದಲ್ಲಿ, ಕೊಟ್ಟವನ ಮರಣದೊಂದಿಗೆ ಅಧಿಕಾರ ಕೊನೆಗೊಳ್ಳುತ್ತದೆ.

## ಹಕ್ಕಿನ ಪರಿಶೀಲನೆ

ಸ್ವತ್ತು ಈಗಿನ ಮಾಲೀಕನಿಗೆ ಹೇಗೆ ಬಂತು ಎಂಬುದನ್ನು ಮೂಲಪತ್ರದಿಂದ ಆರಂಭಿಸಿ ಕೊಂಡಿ ತಪ್ಪದಂತೆ ಗುರುತಿಸುವುದು ವಕೀಲರ ಮೊದಲ ಕೆಲಸ. ಸಾಮಾನ್ಯವಾಗಿ ಹಿಂದಿನ 30 ವರ್ಷಗಳ ದಾಖಲೆಗಳನ್ನು ಪರಿಶೀಲಿಸುವ ರೂಢಿ ಇದೆ. 30 ವರ್ಷ ಹಳೆಯ ದಸ್ತಾವೇಜು ಯೋಗ್ಯ ವಶದಿಂದ ಬಂದಿದ್ದರೆ ಅದರ ಸಹಿ ಮತ್ತು ಬರಹ ನೈಜವೆಂದು ನ್ಯಾಯಾಲಯ ಭಾವಿಸಬಹುದು. ಸರ್ಕಾರವು ದಾವೆ ಹೂಡಲು ಇರುವ ಸಾಮಾನ್ಯ ಕಾಲಮಿತಿಯೂ 30 ವರ್ಷ. ಈ ಎರಡೂ ಸಂಗತಿಗಳು ಆ ರೂಢಿಗೆ ಪೂರಕವಾಗಿವೆ.

ಪರಿಶೀಲಿಸಬೇಕಾದ ಮುಖ್ಯ ದಾಖಲೆಗಳು:

* ಮೂಲಪತ್ರ ಹಾಗೂ ನಂತರದ ಕ್ರಯ, ವಿಭಾಗ, ದಾನ ಮತ್ತು ಬಿಡುಗಡೆ ಪತ್ರಗಳು
* ಋಣಭಾರ ಪ್ರಮಾಣಪತ್ರ (ಇ.ಸಿ.)
* ಪಹಣಿ, ಹಕ್ಕು ಬದಲಾವಣೆ ದಾಖಲೆ, ಆಕಾರ್‌ಬಂದ್, ಟಿಪ್ಪಣಿ ಮತ್ತು ಪೋಡಿ ನಕ್ಷೆ
* ಭೂಪರಿವರ್ತನಾ ಆದೇಶ
* ಖಾತಾ ಮತ್ತು ಆಸ್ತಿ ತೆರಿಗೆ ರಸೀದಿಗಳು
* ಮಂಜೂರಾದ ನಕ್ಷೆ, ಪ್ರಾರಂಭಿಕ ಪ್ರಮಾಣಪತ್ರ, ಸ್ವಾಧೀನಾನುಭವ ಪ್ರಮಾಣಪತ್ರ

### ಋಣಭಾರ ಪ್ರಮಾಣಪತ್ರದ ಮಿತಿ

ನಮೂನೆ 15ರಲ್ಲಿ ನೀಡುವ ಋಣಭಾರ ಪ್ರಮಾಣಪತ್ರವು ನಿರ್ದಿಷ್ಟ ಅವಧಿಯಲ್ಲಿ ಆ ಸ್ವತ್ತಿನ ಬಗ್ಗೆ ನೋಂದಣಿಯಾದ ವ್ಯವಹಾರಗಳನ್ನು ತಿಳಿಸುತ್ತದೆ. ಯಾವ ವ್ಯವಹಾರವೂ ಇಲ್ಲದಿದ್ದರೆ ನಮೂನೆ 16ರ ಪ್ರಮಾಣಪತ್ರ ದೊರೆಯುತ್ತದೆ. ರಾಜ್ಯದ ಕಾವೇರಿ ಜಾಲತಾಣದಲ್ಲಿ 2004ರಿಂದೀಚಿನ ವಿವರಗಳು ಲಭ್ಯವಿದ್ದು, ಅದಕ್ಕೂ ಹಿಂದಿನ ಅವಧಿಗೆ ಕಚೇರಿಯ ಪುಸ್ತಕಗಳನ್ನು ಶೋಧಿಸಬೇಕಾಗುತ್ತದೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಟ್ಟಿ, ನೋಂದಾಯಿಸದ ಕರಾರು, ನ್ಯಾಯಾಲಯದಲ್ಲಿ ಬಾಕಿ ಇರುವ ದಾವೆ ಮುಂತಾದವು ಇದರಲ್ಲಿ ಕಾಣಿಸದಿರಬಹುದು. ದಾವೆ ಬಾಕಿ ಇರುವಾಗ ಕೊಂಡವನು 52ನೇ ಪ್ರಕರಣದನ್ವಯ ಆ ದಾವೆಯ ತೀರ್ಪಿಗೆ ಬದ್ಧನಾಗುತ್ತಾನೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆ ಇಟ್ಟು ಪಡೆದ ಸಾಲವನ್ನು ಪತ್ತೆಹಚ್ಚಲು ಕೇಂದ್ರ ಸರ್ಕಾರದ ಸೆರ್ಸಾಯ್ ದಾಖಲೆಯನ್ನೂ ನೋಡಲಾಗುತ್ತದೆ. ಮಾರಾಟಗಾರನಲ್ಲಿ ಮೂಲ ದಸ್ತಾವೇಜುಗಳು ಇಲ್ಲದಿದ್ದರೆ, ಅವು ಎಲ್ಲಿವೆ ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಮುಂದುವರಿಯುವುದು ಅಪಾಯಕರ.

### ಕುಟುಂಬದ ಸ್ವತ್ತು

ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳ ಪಾಲನ್ನು ಕಡೆಗಣಿಸಿ ಮಾಡಿದ ಮಾರಾಟಗಳು ರಾಜ್ಯದ ಸಿವಿಲ್ ನ್ಯಾಯಾಲಯಗಳಲ್ಲಿನ ವಿಭಾಗ ದಾವೆಗಳಿಗೆ ಪ್ರಮುಖ ಕಾರಣವಾಗಿವೆ. ಕರ್ನಾಟಕವು 1994ರಲ್ಲಿಯೇ ತಿದ್ದುಪಡಿಯ ಮೂಲಕ ಅವಿವಾಹಿತ ಹೆಣ್ಣುಮಕ್ಕಳಿಗೆ ಸಹದಾಯಾದಿ ಹಕ್ಕು ನೀಡಿತ್ತು. 2005ರ ಕೇಂದ್ರ ತಿದ್ದುಪಡಿಯು ಆ ಹಕ್ಕನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ (11 ಆಗಸ್ಟ್ 2020) ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, 2005ರಲ್ಲಿ ತಂದೆ ಜೀವಂತನಿರಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೂ ಮೊದಲು ಆದ ಮಾರಾಟ ಮತ್ತು ನೋಂದಾಯಿತ ವಿಭಾಗಗಳಿಗೆ ಇದರಿಂದ ಧಕ್ಕೆಯಿಲ್ಲ. ಆದ್ದರಿಂದ ವಂಶವೃಕ್ಷವನ್ನು ಪಡೆದು, ಹಕ್ಕುಳ್ಳ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕುವಂತೆ ನೋಡಿಕೊಳ್ಳಲಾಗುತ್ತದೆ. ಹಿಂದೂ ಅಪ್ರಾಪ್ತ ವಯಸ್ಕನ ಸ್ವಂತ ಸ್ವತ್ತನ್ನು ನ್ಯಾಯಾಲಯದ ಪೂರ್ವಾನುಮತಿ ಇಲ್ಲದೆ ಸಹಜ ಪಾಲಕನು ಮಾರಿದರೆ, ಅಪ್ರಾಪ್ತನು ಆ ಮಾರಾಟವನ್ನು ರದ್ದುಪಡಿಸಿಕೊಳ್ಳಬಹುದು.

### ಮಂಜೂರಾತಿ ಜಮೀನು

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಮಂಜೂರಾತಿಯ ಷರತ್ತು ಉಲ್ಲಂಘಿಸಿ, ಅಥವಾ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವುದನ್ನು 1978ರ ರಾಜ್ಯ ಅಧಿನಿಯಮವು (ಪಿಟಿಸಿಎಲ್ ಕಾಯ್ದೆ ಎಂದು ಪರಿಚಿತ) ನಿಷೇಧಿಸುತ್ತದೆ. ಅಂತಹ ವರ್ಗಾವಣೆ ಶೂನ್ಯವಾಗುತ್ತದೆ. ಜಮೀನನ್ನು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಮರಳಿಸಲಾಗುತ್ತದೆ. ವಿಳಂಬದ ಕಾರಣಕ್ಕೆ ಅರ್ಜಿಗಳು ವಜಾ ಆಗುತ್ತಿದ್ದ ಹಿನ್ನೆಲೆಯಲ್ಲಿ, 2023ರ ತಿದ್ದುಪಡಿಯು ಇಂತಹ ಅರ್ಜಿಗಳಿಗೆ ಕಾಲಮಿತಿ ಅನ್ವಯಿಸದು ಎಂದು ಸೇರಿಸಿತು. ದುರ್ಬಲರ ಭೂಮಿಯನ್ನು ಉಳಿಸುವುದು ಈ ಶಾಸನದ ಉದ್ದೇಶ. ಆದರೆ ಅಂತಹ ಜಮೀನಿನಲ್ಲಿ ಎದ್ದ ಬಡಾವಣೆಯಲ್ಲಿ ಹಿನ್ನೆಲೆ ತಿಳಿಯದೆ ಮನೆ ಕೊಂಡವರೂ ಇದರ ಪರಿಣಾಮವನ್ನು ಎದುರಿಸಬೇಕಾಗುತ್ತದೆ. ಹೀಗಾಗಿ ಜಮೀನಿನ ಮೂಲ ಸ್ವರೂಪವನ್ನು ಕಂದಾಯ ದಾಖಲೆಗಳಲ್ಲಿ ಹುಡುಕುವುದು ಅವಶ್ಯಕ.

## ಕಟ್ಟಡದ ಕಾನೂನುಬದ್ಧತೆ

ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಭೂಪರಿವರ್ತನೆ ಬೇಕು. ನಂತರ ಯೋಜನಾ ಪ್ರಾಧಿಕಾರದಿಂದ ಬಡಾವಣೆ ವಿನ್ಯಾಸಕ್ಕೂ ಸ್ಥಳೀಯ ಸಂಸ್ಥೆಯಿಂದ ಅಥವಾ ಪ್ರಾಧಿಕಾರದಿಂದ ಕಟ್ಟಡ ನಕ್ಷೆಗೂ ಮಂಜೂರಾತಿ ಪಡೆಯಬೇಕು. ಕೆಲಸ ಮುಗಿದ ಮೇಲೆ, ಕಟ್ಟಡವು ಮಂಜೂರಾದ ನಕ್ಷೆಗೆ ಅನುಗುಣವಾಗಿದೆ ಎಂದು ದೃಢಪಡಿಸಿ ನೀಡುವ ಸ್ವಾಧೀನಾನುಭವ ಪ್ರಮಾಣಪತ್ರವು ಅಪಾರ್ಟ್‌ಮೆಂಟ್ ಖರೀದಿಯಲ್ಲಿ ನಿರ್ಣಾಯಕ ದಾಖಲೆ. ಅದಿಲ್ಲದ ಕಟ್ಟಡಗಳಲ್ಲಿ ಜನ ವರ್ಷಗಟ್ಟಲೆ ವಾಸಿಸುತ್ತಿರುವುದು ಬೆಂಗಳೂರಿನಲ್ಲಿ ಅಪರೂಪವಲ್ಲ. ಆದರೆ ನಕ್ಷೆ ಮೀರಿ ಕಟ್ಟಿದ ಅಂತಸ್ತು ತೆರವಿಗೆ ಗುರಿಯಾಗುವ ಸಾಧ್ಯತೆ ಸದಾ ಇರುತ್ತದೆ. ಅನಧಿಕೃತ ನಿರ್ಮಾಣಗಳನ್ನು ದಂಡ ವಿಧಿಸಿ ಕ್ರಮಬದ್ಧಗೊಳಿಸುವ ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯವು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ, ಈ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ನೀಡಬೇಕೆಂದು ದೇಶಕ್ಕೆಲ್ಲ ಅನ್ವಯವಾಗುವ ನಿರ್ದೇಶನ ನೀಡಿತು.

### ಖಾತಾ

ಖಾತಾ ಎಂಬುದು ತೆರಿಗೆ ವಸೂಲಿಗಾಗಿ ಸ್ಥಳೀಯ ಸಂಸ್ಥೆಯು ಇಡುವ ಲೆಕ್ಕ. ಅದು ಮಾಲೀಕತ್ವದ ದಾಖಲೆಯಲ್ಲ. ಬೆಂಗಳೂರಿನಲ್ಲಿ ನಿಯಮಬದ್ಧ ಸ್ವತ್ತುಗಳನ್ನು ಎ ಖಾತಾ ವಹಿಯಲ್ಲೂ, ಪರಿವರ್ತನೆ ಅಥವಾ ವಿನ್ಯಾಸ ಮಂಜೂರಾತಿಯ ಕೊರತೆ ಇರುವಂತಹವನ್ನು ತೆರಿಗೆಯ ಉದ್ದೇಶಕ್ಕಷ್ಟೇ ಬಿ ವಹಿಯಲ್ಲೂ ದಾಖಲಿಸುವ ಪದ್ಧತಿ ಬೆಳೆದುಬಂದಿದೆ. ಬಿ ಖಾತಾ ಸ್ವತ್ತಿನ ತೆರಿಗೆಯನ್ನು ಪಾಲಿಕೆ ಸ್ವೀಕರಿಸಿದೆ ಎಂಬ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11ನ್ನು ನೀಡಲಾಗುತ್ತದೆ. ಬೆಂಗಳೂರು ಪಾಲಿಕೆಯ ವ್ಯಾಪ್ತಿಯಲ್ಲಿ 2024ರ ಅಕ್ಟೋಬರ್‌ನಿಂದ ಸ್ವತ್ತಿನ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ.

## ಅಪಾರ್ಟ್‌ಮೆಂಟ್ ಮಾಲೀಕತ್ವ

ಫ್ಲಾಟಿನ ಖರೀದಿದಾರನಿಗೆ ಎರಡು ಬಗೆಯ ಹಕ್ಕು ಸಿಗುತ್ತದೆ: ತನ್ನ ಫ್ಲಾಟಿನ ಮೇಲೆ ಪ್ರತ್ಯೇಕ ಹಕ್ಕು, ಮತ್ತು ನೆಲ ಹಾಗೂ ಸಾಮಾನ್ಯ ಪ್ರದೇಶಗಳಲ್ಲಿ ಅವಿಭಜಿತ ಪಾಲು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಪ್ರಕಾರ ಘೋಷಣಾ ಪತ್ರವನ್ನು ನೋಂದಾಯಿಸಿ, ಉಪವಿಧಿಗಳನ್ನು ಅದಕ್ಕೆ ಲಗತ್ತಿಸಿ, ಕಟ್ಟಡವನ್ನು ಈ ಶಾಸನದ ವ್ಯಾಪ್ತಿಗೆ ಒಳಪಡಿಸಲಾಗುತ್ತದೆ. ಅವಿಭಜಿತ ಪಾಲನ್ನು ಫ್ಲಾಟಿನಿಂದ ಬೇರ್ಪಡಿಸುವಂತಿಲ್ಲ. ಸಾಮಾನ್ಯ ಪ್ರದೇಶವನ್ನು ಪಾಲು ಮಾಡಿಕೊಡುವಂತೆ ಕೇಳುವಂತಿಲ್ಲ. ಮುಂದೊಂದು ದಿನ ಕಟ್ಟಡ ಹಳೆಯದಾಗಿ ಪುನರ್ನಿರ್ಮಾಣದ ಪ್ರಶ್ನೆ ಬಂದಾಗ ಉಳಿಯುವ ಮೌಲ್ಯ ಬಹುಪಾಲು ಈ ನೆಲದ ಪಾಲಿನದೇ ಆಗಿರುವುದರಿಂದ, ಅದರ ಪ್ರಮಾಣವನ್ನು ಕ್ರಯಪತ್ರದಲ್ಲಿ ಚದರ ಅಡಿಗಳಲ್ಲಿ ನಮೂದಿಸುವುದು ರೂಢಿ.

ಹಿಂದಿನ ಮಾಲೀಕನು ಉಳಿಸಿಹೋದ ನಿರ್ವಹಣಾ ವೆಚ್ಚದ ಬಾಕಿಗೆ ಹೊಸ ಖರೀದಿದಾರನೂ ಅವನೊಡನೆ ಹೊಣೆಯಾಗುತ್ತಾನೆ. ಆದ್ದರಿಂದ ಮರುಮಾರಾಟದ ಫ್ಲಾಟು ಕೊಳ್ಳುವಾಗ ಮಾಲೀಕರ ಸಂಘದಿಂದ ಬಾಕಿ ಇಲ್ಲದ ಪತ್ರ ಪಡೆಯಲಾಗುತ್ತದೆ.

ಹಲವು ಕಟ್ಟಡಗಳು ಜಮೀನಿನ ಮಾಲೀಕ ಮತ್ತು ನಿರ್ಮಾಣ ಸಂಸ್ಥೆಯ ನಡುವಣ ಜಂಟಿ ಅಭಿವೃದ್ಧಿ ಕರಾರಿನ ಮೇಲೆ ನಿಂತಿರುತ್ತವೆ. ಅಂತಹ ಕಡೆ ಕೊಳ್ಳುವ ಫ್ಲಾಟು ಯಾರ ಪಾಲಿಗೆ ಹಂಚಿಕೆಯಾಗಿದೆ ಎಂಬುದನ್ನು ಹಂಚಿಕೆ ಕರಾರಿನಲ್ಲಿ ನೋಡಬೇಕು. ಕ್ರಯಪತ್ರಕ್ಕೆ ಇಬ್ಬರೂ ಪಕ್ಷಕಾರರಾಗಿರುವುದು ಕ್ಷೇಮ.

## ರೇರಾ ಅಧಿನಿಯಮ

2016ರ ರೇರಾ ಅಧಿನಿಯಮವು 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಪ್ರಕಟವಾದವು. 500 ಚದರ ಮೀಟರ್ ಮೀರದ ನೆಲದ ಅಥವಾ 8 ಫ್ಲಾಟುಗಳನ್ನು ಮೀರದ ಯೋಜನೆಗಳನ್ನು ಬಿಟ್ಟು, ಉಳಿದ ಹೊಸ ಯೋಜನೆಗಳನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ, ಮುಂಗಡ ಪಡೆಯುವಂತಿಲ್ಲ. ಖರೀದಿದಾರನಿಗೆ ದೊರೆಯುವ ಮುಖ್ಯ ರಕ್ಷಣೆಗಳು ಹೀಗಿವೆ:

* ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.
* ಖರೀದಿದಾರರಿಂದ ಬಂದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಅದೇ ಯೋಜನೆಯ ನೆಲ ಮತ್ತು ನಿರ್ಮಾಣದ ವೆಚ್ಚಕ್ಕೆ ಬಳಸಬೇಕು.
* ಕಟ್ಟಡದ ನಕ್ಷೆ ಅಥವಾ ಸಾಮಾನ್ಯ ಪ್ರದೇಶಗಳಲ್ಲಿ ಬದಲಾವಣೆ ಮಾಡಲು ಕನಿಷ್ಠ ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು.
* ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ಗಮನಕ್ಕೆ ತಂದ ರಚನಾ ದೋಷಗಳನ್ನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು.
* ಕರಾರಿನ ದಿನಾಂಕಕ್ಕೆ ಸ್ವಾಧೀನ ಕೊಡದಿದ್ದರೆ ಖರೀದಿದಾರನು ಬಡ್ಡಿಸಹಿತ ಹಣ ವಾಪಸು ಪಡೆಯಬಹುದು, ಅಥವಾ ಯೋಜನೆಯಲ್ಲಿ ಉಳಿದು ವಿಳಂಬದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು.
* ನೆಲದ ಹಕ್ಕಿನ ದೋಷದಿಂದಾದ ನಷ್ಟಕ್ಕೆ ಪರಿಹಾರ ಕೇಳಲು ಕಾಲಮಿತಿ ಅಡ್ಡಿಯಾಗದು.

ಬೆಲೆ ನಿಗದಿಗೆ ಆಧಾರವಾಗುವ ಕಾರ್ಪೆಟ್ ವಿಸ್ತೀರ್ಣದಲ್ಲಿ ಒಳಗೋಡೆಗಳು ಸೇರುತ್ತವೆ. ಹೊರಗೋಡೆ, ಬಾಲ್ಕನಿ ಮತ್ತು ತೆರೆದ ತಾರಸಿ ಸೇರುವುದಿಲ್ಲ. ತೆರೆದ ವಾಹನ ನಿಲುಗಡೆ ಸ್ಥಳವು ಸಾಮಾನ್ಯ ಪ್ರದೇಶವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಮಾರುವಂತಿಲ್ಲ.

ದೂರನ್ನು ಕರ್ನಾಟಕ ರೇರಾ ಪ್ರಾಧಿಕಾರಕ್ಕೆ, ಮೇಲ್ಮನವಿಯನ್ನು ಮೇಲ್ಮನವಿ ನ್ಯಾಯಮಂಡಳಿಗೆ ಸಲ್ಲಿಸಬೇಕು. ಗ್ರಾಹಕ ಆಯೋಗದ ಮಾರ್ಗವೂ ಮುಕ್ತವಾಗಿದೆ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. ಪ್ರಾಧಿಕಾರವು ಆದೇಶಿಸಿದ ಮೊತ್ತವನ್ನು ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕಾಗಿದ್ದು, ಆ ಕೆಲಸ ಜಿಲ್ಲಾಡಳಿತದ ಮೂಲಕ ನಡೆಯುತ್ತದೆ. ಆದೇಶ ದೊರೆತರೂ ಹಣ ಕೈಸೇರಲು ತಡವಾಗುವುದು ಈ ವ್ಯವಸ್ಥೆಯ ಬಗ್ಗೆ ಕೇಳಿಬರುವ ಪ್ರಮುಖ ಟೀಕೆ.

## ಗುತ್ತಿಗೆ ಹಕ್ಕಿನ ಮನೆಗಳು

ಗುತ್ತಿಗೆ ಹಕ್ಕಿನಲ್ಲಿ ನೆಲದ ಮಾಲೀಕತ್ವ ಬೇರೊಬ್ಬರಲ್ಲಿ ಉಳಿದು, ಖರೀದಿದಾರನಿಗೆ ನಿಗದಿತ ಅವಧಿಯ ಅನುಭೋಗದ ಹಕ್ಕು ಮಾತ್ರ ಸಿಗುತ್ತದೆ. 1 ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಉಳಿದಿರುವ ಅವಧಿ, ವಾರ್ಷಿಕ ನೆಲಬಾಡಿಗೆ, ವರ್ಗಾವಣೆಗೆ ಮಾಲೀಕನ ಅನುಮತಿ ಮತ್ತು ಶುಲ್ಕ, ಷರತ್ತು ಮುರಿದರೆ ಗುತ್ತಿಗೆ ರದ್ದಾಗುವ ನಿಯಮ, ಅವಧಿ ಮುಗಿದಾಗ ಕಟ್ಟಡದ ಗತಿ ಇವು ಇಲ್ಲಿನ ಮುಖ್ಯ ಪ್ರಶ್ನೆಗಳು. ಅವಧಿ ಕಡಿಮೆಯಾದಂತೆ ಸ್ವತ್ತಿನ ಬೆಲೆಯೂ ಬ್ಯಾಂಕ್ ಸಾಲದ ಸಾಧ್ಯತೆಯೂ ಕುಗ್ಗುತ್ತವೆ.

ಕರ್ನಾಟಕದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಿವೇಶನಗಳನ್ನು ಗುತ್ತಿಗೆ-ಸಹಿತ-ಕ್ರಯದ ಕರಾರಿನ ಮೇಲೆ ಹಂಚಿಕೆ ಮಾಡಿ, 10 ವರ್ಷಗಳ ನಂತರ ಶುದ್ಧ ಕ್ರಯಪತ್ರ ನೀಡುವ ಪದ್ಧತಿ ಇದೆ. ಶುದ್ಧ ಕ್ರಯಪತ್ರ ಸಿಗುವ ಮೊದಲು ಹಂಚಿಕೆದಾರನು ಮಾಡುವ ಮಾರಾಟ ಷರತ್ತಿನ ಉಲ್ಲಂಘನೆಯಾಗುತ್ತದೆ. ನೋಯಿಡಾದಲ್ಲಿ 90 ವರ್ಷಗಳ ಗುತ್ತಿಗೆಯೂ ನವಿ ಮುಂಬೈಯಲ್ಲಿ ಸಿಡ್ಕೋ ನೀಡುವ 60 ವರ್ಷಗಳ ಗುತ್ತಿಗೆಯೂ ಪ್ರಚಲಿತವಾಗಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲಾಟುಗಳ ಮಾರಾಟ ಬಹುತೇಕ ದೀರ್ಘಾವಧಿ ಗುತ್ತಿಗೆಯ ರೂಪದಲ್ಲೇ ನಡೆಯುತ್ತದೆ; ಅಲ್ಲಿ 2022ರ ಜೂನ್ 30ರಿಂದ ಹೆಚ್ಚಿನ ಹೊಸ ದೀರ್ಘಾವಧಿ ವಸತಿ ಗುತ್ತಿಗೆಗಳಿಗೆ ನೆಲಬಾಡಿಗೆ ವಿಧಿಸುವುದನ್ನು ಶಾಸನದಿಂದ ನಿಲ್ಲಿಸಲಾಗಿದೆ.

ಬೆಂಗಳೂರಿನ ಆಡುಮಾತಿನಲ್ಲಿ ‘ಲೀಸ್’ ಅಥವಾ ಭೋಗ್ಯ ಎಂದರೆ ದೊಡ್ಡ ಮೊತ್ತ ಕೊಟ್ಟು, ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ವಾಸಿಸಿ, ಬಿಡುವಾಗ ಹಣ ಮರಳಿ ಪಡೆಯುವ ವ್ಯವಸ್ಥೆ. ಇದು ಮೇಲಿನ ಗುತ್ತಿಗೆ ಹಕ್ಕಿಗಿಂತ ಭಿನ್ನವಾದುದು. ನೋಂದಣಿ ಮಾಡಿಸದ ಭೋಗ್ಯದ ಕರಾರು ದುರ್ಬಲವಾಗಿರುತ್ತದೆ. ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲವಿದ್ದು ಅದು ಹರಾಜಿಗೆ ಬಂದರೆ, ಭೋಗ್ಯದಾರನ ಹಣಕ್ಕಿಂತ ಬ್ಯಾಂಕಿನ ಹಕ್ಕು ಮುಂದಿರುತ್ತದೆ.

## ಶುಲ್ಕ ಮತ್ತು ತೆರಿಗೆ

ಕರ್ನಾಟಕದಲ್ಲಿ 45 ಲಕ್ಷ ರೂಪಾಯಿ ಮೀರಿದ ಸ್ವತ್ತಿನ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5. ಇದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರುತ್ತವೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿಸಲಾಯಿತು. ವಾಸ್ತವ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಮೌಲ್ಯ ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕವನ್ನು ಲೆಕ್ಕ ಹಾಕಲಾಗುತ್ತದೆ. ಬೆಲೆಯನ್ನು ಕಡಿಮೆ ತೋರಿಸಿ ಉಳಿದುದನ್ನು ನಗದಾಗಿ ಕೊಡುವುದು ದಂಡನೆಗೆ ದಾರಿಯಾಗುತ್ತದೆ. ಮುಂದೆ ವ್ಯವಹಾರ ಮುರಿದುಬಿದ್ದಾಗ ಆ ನಗದನ್ನು ಕೊಟ್ಟಿದ್ದಕ್ಕೆ ಸಾಕ್ಷ್ಯವೂ ಇರುವುದಿಲ್ಲ.

50 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೌಲ್ಯದ ಖರೀದಿಯಲ್ಲಿ ಭಾರತದ ನಿವಾಸಿ ಮಾರಾಟಗಾರನಿಗೆ ಹಣ ಕೊಡುವಾಗ ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕು. ಮಾರಾಟಗಾರನು ಅನಿವಾಸಿಯಾಗಿದ್ದರೆ ಈ ದರ ಇನ್ನೂ ಹೆಚ್ಚು, ಮತ್ತು 50 ಲಕ್ಷದ ಮಿತಿ ಅನ್ವಯಿಸುವುದಿಲ್ಲ. ನಿರ್ಮಾಣ ಹಂತದ ಫ್ಲಾಟಿಗೆ ಜಿಎಸ್‌ಟಿ ಇದೆ; ಪೂರ್ಣತಾ ಪ್ರಮಾಣಪತ್ರ ದೊರೆತ ನಂತರದ ಮಾರಾಟಕ್ಕೆ ಇಲ್ಲ.

## ಅನಿವಾಸಿ ಖರೀದಿದಾರರು

ವಿದೇಶಗಳಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳೂ ಸಾಗರೋತ್ತರ ಭಾರತೀಯ ನಾಗರಿಕರೂ ವಸತಿ ಸ್ವತ್ತನ್ನು ಕೊಳ್ಳಬಹುದು. ಕೃಷಿ ಜಮೀನು, ತೋಟ ಮತ್ತು ಫಾರ್ಮ್‌ಹೌಸ್ ಖರೀದಿಗೆ ವಿದೇಶಿ ವಿನಿಮಯ ನಿಯಮಗಳ ಸಾಮಾನ್ಯ ಅನುಮತಿ ಇಲ್ಲ. ಊರಿನಲ್ಲಿರುವ ಬಂಧುಗಳಿಗೆ ಅಧಿಕಾರ ಪತ್ರ ಕಳುಹಿಸುವವರು ಅದನ್ನು ಅಲ್ಲಿನ ಭಾರತೀಯ ದೂತಾವಾಸದ ಅಧಿಕಾರಿ ಅಥವಾ ನೋಟರಿಯ ಮುಂದೆ ದೃಢೀಕರಿಸಬೇಕು. ಪತ್ರ ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕವನ್ನು ಪಾವತಿಸಬೇಕು.

## ನೋಂದಣಿಯ ನಂತರ

ಕ್ರಯಪತ್ರದ ನೋಂದಣಿಯೊಂದಿಗೆ ಖರೀದಿದಾರನ ಕೆಲಸ ಮುಗಿಯುವುದಿಲ್ಲ. ಖಾತಾ ವರ್ಗಾವಣೆ, ಆಸ್ತಿ ತೆರಿಗೆ ಮತ್ತು ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆ, ಸಂಘದ ಸದಸ್ಯತ್ವ, ಹೊಸ ವ್ಯವಹಾರವು ಋಣಭಾರ ಪ್ರಮಾಣಪತ್ರದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂಬ ಪರಿಶೀಲನೆ ಇವು ಉಳಿದ ಹಂತಗಳು. ಗೃಹಸಾಲ ತೀರಿದ ಮೇಲೆ ಬ್ಯಾಂಕಿನಿಂದ ಮೂಲ ದಸ್ತಾವೇಜುಗಳನ್ನು ಮರಳಿ ಪಡೆದು, ಅಡಮಾನ ನೋಂದಣಿಯಾಗಿದ್ದಲ್ಲಿ ಅದರ ಬಿಡುಗಡೆಯನ್ನೂ ನೋಂದಾಯಿಸಬೇಕು. ಇಲ್ಲವಾದರೆ ತೀರಿದ ಸಾಲವು ದಾಖಲೆಯಲ್ಲಿ ಋಣಭಾರವಾಗಿಯೇ ಉಳಿದು, ಮುಂದಿನ ಮಾರಾಟಕ್ಕೆ ತೊಡಕಾಗುತ್ತದೆ.

## ಇವನ್ನೂ ನೋಡಿ

* ಸ್ವತ್ತು ಹಸ್ತಾಂತರ ಅಧಿನಿಯಮ, 1882
* ನೋಂದಣಿ ಅಧಿನಿಯಮ, 1908
* ಹಿಂದೂ ಉತ್ತರಾಧಿಕಾರ ಅಧಿನಿಯಮ, 1956
* ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ
* ಪಹಣಿ